ಅಪ್ಪನ ಯೆಜ್ಡಿಗೆ ಒಂದು ಪಾನ ಕಡಿಮೆ

ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹೀಗಾಗಿ ಅಪ್ಪನ ಯೆಜ್ಡಿ ರೋಡ್‌ಕಿಂಗ್‌ಗೆ ಒರಿಜಿನಲ್ ಟೂಲ್ಸ್ ಬೇಕೆಂದರೆ ಗುಜರಿಯೇ ಗತಿ. ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ಡಬಲ್ ಎಂಡ್ ಸ್ಪ್ಯಾನರ್‌ಗಳು, ಟೈರ್ ಲಿವರ್ ಬೇಗ ಸಿಕ್ಕವು. ಸಿಗದೆ ಸತಾಯಿಸಿದ್ದು ಪ್ಲಗ್ ಪಾನ, ಅಂದರೆ ಸ್ಪಾರ್ಕ್ ಪ್ಲಗ್ ಬಿಚ್ಚುವ ಸ್ಪ್ಯಾನರ್.

ಟೂ-ಸ್ಟ್ರೋಕ್ ಗಾಡಿ ಅಲ್ವಾ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸಬೇಕು. ಪ್ಲಗ್ ಕಪ್ಪಾಗಿ ನಿಂತಾಗಲೆಲ್ಲ ಪಾನ ಹೊರಗೆ ಬರುತ್ತದೆ. ರಸ್ತೆ ಪಕ್ಕದ ಕಲ್ಲಿನ ಮೇಲೆ ಮರೆತರೆ ಮುಗೀತು. ನಮ್ಮದು ಹಾಗೇ ಹೋಯಿತಂತೆ. ಎಲ್ಲಿ ಅಂತ ಅಪ್ಪ ಇವತ್ತಿಗೂ ಬಾಯಿ ಬಿಡುವುದಿಲ್ಲ.

ಕೊನೆಗೆ ಬೆಂಗಳೂರಿನ ಸಂಡೇ ಬಜಾರಿನಲ್ಲಿ, ಹಳೇ ನಲ್ಲಿಗಳ ರಾಶಿಯ ಕೆಳಗೆ ಒಂದು ಸಿಕ್ಕಿತು. "ಸಾರ್, ಹೊಸದೇ ಇದೆ, ತಗೊಳ್ಳಿ" ಅಂದ ಅಂಗಡಿಯವನು. ಹೊಸದು ಯಾರಿಗೆ ಬೇಕು! ಇನ್ನೂರಕ್ಕೆ ಇಳಿಸಿ ತಂದೆ.

ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ತುಕ್ಕು ಕೆಂಪು ಗಸಿಯಾಗಿ ತಳಕ್ಕೆ ಕೂತಿತು. ಅಪ್ಪ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇದು ನಮ್ಮ ಗಾಡೀದಲ್ಲ ಕಣೋ. ಆದ್ರೆ ಕೂರುತ್ತೆ."

ಇನ್ನು ಗಾಳಿ ಪಂಪ್ ಒಂದು ಬಾಕಿ.