ಎಂಟು ಲಕ್ಷದ ಬಾಕಿ ಬಗೆಹರಿಯಿತು: ವಿನೋಬನಗರದ ಬಾಡಿಗೆ ಮನೆ

ಬಾಡಿಗೆಗೆ ಕೊಡಲೆಂದು ನಾನು ಕೊಳ್ಳುತ್ತಿರುವ ವಿನೋಬನಗರದ ಎರಡಂತಸ್ತಿನ ಮನೆಯ ಸಾಲಕ್ಕೆ ಬ್ಯಾಂಕು ಕೊನೆಗೂ ಒಪ್ಪಿದೆ. ದಾಖಲೆಗಳ ಪರಿಶೀಲನೆ, ಮೌಲ್ಯಮಾಪನದ ಹಂತಗಳನ್ನು ಬಿಟ್ಟು, ಇಷ್ಟು ಕಾಲ ಕಾಡಿದ ಬಾಕಿಯ ವಿಷಯವನ್ನೇ ಬರೆಯುತ್ತೇನೆ.

ಬೆಲೆ 48 ಲಕ್ಷ. ಬ್ಯಾಂಕಿನಿಂದ 30, ನನ್ನ ಕೈಯಿಂದ 10; ಉಳಿದ 8 ಲಕ್ಷವನ್ನು ಅಡಿಕೆ ಮಂಡಿಯಿಂದ ಹಣ ಬರುವ ಕಾಲಕ್ಕೆ ಕಂತಾಗಿ, ಬಡ್ಡಿ ಸಮೇತ, ಮೂರು ವರ್ಷಗಳಲ್ಲಿ ಪಡೆಯಲು ಮಾರುವವರು ಒಪ್ಪಿದ್ದರು.

ತೊಡಕು ಇದ್ದದ್ದು ಕ್ರಯಪತ್ರದಲ್ಲಿ. ಬಾಕಿಯನ್ನು ಅಲ್ಲಿ ಕಾಣಿಸಿದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಹಣ ಪೂರ್ತಿ ಸಲ್ಲುವವರೆಗೆ ಮಾರಿದವರ ಋಣಭಾರದ ಹಕ್ಕು, ಅಂದರೆ ಬಾಕಿಯನ್ನು ಆ ಸ್ವತ್ತಿನಿಂದಲೇ ವಸೂಲು ಮಾಡುವ ಹಕ್ಕು, ಆ ಮನೆಯ ಮೇಲೆಯೇ ಉಳಿಯುತ್ತದೆ. ಮೊದಲ ಹಕ್ಕು ತನ್ನದಾಗಿರಬೇಕೆನ್ನುವ ಬ್ಯಾಂಕು ಅದನ್ನು ಒಪ್ಪುವುದಿಲ್ಲ. ಬಾಕಿಯನ್ನು ಮುಚ್ಚಿಟ್ಟು 'ಕ್ರಯದ ಹಣ ಪೂರ್ತಿ ಸಂದಾಯವಾಗಿದೆ' ಎಂದು ಬರೆಯಲು ಪತ್ರ ಬರೆಯುವವರು ಸೂಚಿಸಿದರು. ಹಾಗೆ ಮಾಡಿದ್ದರೆ ನಮ್ಮನ್ನು ನಂಬಿ ಮನೆ ಮಾರುವ ಹಿರಿಯರ ಕೈಯಲ್ಲಿ ಆಧಾರವೇ ಇರುತ್ತಿರಲಿಲ್ಲ, ಬ್ಯಾಂಕಿಗೂ ಸುಳ್ಳು ಹೇಳಿದಂತಾಗುತ್ತಿತ್ತು. ಬ್ಯಾಂಕಿನ ವಕೀಲರಂತೂ ಆಕ್ಷೇಪಗಳನ್ನೆಲ್ಲ ಒಟ್ಟಿಗೆ ಹೇಳದೆ ಒಂದು ಮುಗಿದ ಮೇಲೆ ಇನ್ನೊಂದನ್ನು ಕಳಿಸಿ ಕಾಲ ತಿಂದರು.

ದಾರಿ ಸಿಕ್ಕಿದ್ದು ಅದೇ ಕಲಮಿನಲ್ಲಿ: ಬೇರೆ ಕರಾರು ಇಲ್ಲದಿದ್ದರೆ ಮಾತ್ರ ಆ ಹಕ್ಕು ಹುಟ್ಟುತ್ತದೆ. ಆದ್ದರಿಂದ ಬಾಕಿಗೆ ತೀರ್ಥಹಳ್ಳಿಯ ನನ್ನ ನಿವೇಶನವನ್ನು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ, ನೋಂದಾಯಿತ ಅಡಮಾನವಾಗಿ ಕೊಡುವುದೆಂದು ತೀರ್ಮಾನಿಸಿದೆವು. ಕ್ರಯಪತ್ರದ ಕರಡಿನಲ್ಲಿ ಈಗ '40 ಲಕ್ಷ ಸಂದಾಯವಾಗಿದೆ. ಬಾಕಿ 8 ಲಕ್ಷಕ್ಕೆ ಪ್ರತ್ಯೇಕ ಅಡಮಾನ ಪತ್ರವಿದ್ದು, ಈ ಸ್ವತ್ತಿನ ಮೇಲೆ ಮಾರಾಟಗಾರರಿಗೆ ಋಣಭಾರದ ಹಕ್ಕಿರುವುದಿಲ್ಲ' ಎಂದಿದೆ. ಈ ಸಾಲಿನ ಪಕ್ಕದಲ್ಲಿ ವಕೀಲರ ಹಸಿರು ಶಾಯಿಯ ಸಹಿ ಬಿದ್ದುದನ್ನು ಕಂಡಾಗ ಆದ ಸಮಾಧಾನ ಸಣ್ಣದಲ್ಲ.

ನನ್ನ 10 ಲಕ್ಷ ಸಾಲದ ಹಣವಲ್ಲವೆಂಬುದಕ್ಕೆ ಬ್ಯಾಂಕು ಪಾಸ್‌ಬುಕ್ ಕೇಳಿತು. ಮುದ್ರಾಂಕ ಶುಲ್ಕವನ್ನೂ ಕೈಯಿಂದಲೇ ಕಟ್ಟಬೇಕು. ಬಡ್ಡಿ ಶೇ. 9, ಅವಧಿ 20 ವರ್ಷ ಎಂದರೆ ತಿಂಗಳ ಕಂತು ಸುಮಾರು 27,000 ರೂಪಾಯಿ, ಎರಡೂ ಅಂತಸ್ತುಗಳ ಬಾಡಿಗೆ 22,000. ಕೊರತೆಯನ್ನೂ ಬಾಕಿಯ ಕಂತನ್ನೂ ತೋಟದ ಆದಾಯವೇ ತುಂಬಬೇಕು. ಬಾಕಿಯನ್ನು ನಾನು ಮುಚ್ಚಿಡದಿದ್ದುದರಿಂದ ಬ್ಯಾಂಕು ಈ ಲೆಕ್ಕವನ್ನು ಸರಿಯಾಗಿ ನೋಡಿಯೇ ಒಪ್ಪಿತು.

 

ಸದ್ಯಕ್ಕೆ ನೋಂದಣಿ ಉಳಿದಿದೆ. ಅಡಮಾನ ಪತ್ರವೂ ಅದೇ ದಿನ ಆಗಬೇಕೆಂದು ಮಾರುವವರು ಕೇಳಿದ್ದಾರೆ. ಅದು ನ್ಯಾಯವಾದ ಮಾತು; ಎರಡೂ ಪತ್ರಗಳಿಗೆ ಒಂದೇ ದಿನ ಗೊತ್ತುಮಾಡುತ್ತಿದ್ದೇನೆ.