ಸೋತವರು ಈಗ ಎಲ್ಲಿದ್ದಾರೆ?

ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಹಾಸ್ಟೆಲಿನ ಊಟ, ವಾರ್ಷಿಕೋತ್ಸವದ ನಾಟಕ, ಕ್ರಿಕೆಟ್ ಪಂದ್ಯ ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯಬಲ್ಲ ಸಹಪಾಠಿಗಳಿದ್ದಾರೆ. ನಾನು ಬರೆಯಬೇಕಾದದ್ದು ಬೇರೆಯೇ ಇದೆ. ಇಲ್ಲಿ ಪಿಯುಸಿ ಮುಗಿಸಿ 1982ರಲ್ಲಿ ವಿದ್ಯಾರ್ಥಿವೇತನದ ಮೇಲೆ ಎಂಜಿನಿಯರಿಂಗ್ ಓದಲು ಮಾಸ್ಕೋಗೆ ಹೋದೆ, 1988ರಲ್ಲಿ ಮರಳಿದೆ. ಹೊರಡುವ ಮುನ್ನ ನಮ್ಮ ಕನ್ನಡ ಮೇಷ್ಟರ ಮನೆಗೆ ಹೋಗಿ ನಮಸ್ಕಾರ ಮಾಡಿದ್ದೆ. ಅವರು ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡು ಬಂದವರು. "ಅಲ್ಲಿ ಓದು, ಔಷಧಿ ಎಲ್ಲ ಪುಕ್ಕಟೆಯಂತೆ, ಬಹಳ ಸಂತೋಷ. ಸರ್ಕಾರ ಮಾಡಿದ್ದು ತಪ್ಪು ಎನ್ನುವವರು ಅಲ್ಲಿ ಹೇಗೆ ಬದುಕುತ್ತಾರೆ, ಅದನ್ನಷ್ಟು ನೋಡಿಕೊಂಡು ಬಾರಯ್ಯ" ಎಂದರು.

ಅದನ್ನು ಕಾಗದದಲ್ಲಿ ಬರೆಯುವಂತಿರಲಿಲ್ಲ. ವಿದೇಶಕ್ಕೆ ಹೋಗುವ ಟಪಾಲನ್ನು ಒಡೆದು ಓದುತ್ತಾರೆ ಎಂಬುದು ಅಲ್ಲಿ ಎಲ್ಲರೂ ತಿಳಿದೇ ಬದುಕುತ್ತಿದ್ದ ಸಂಗತಿ. ನಾನು ಮರಳುವ ಹೊತ್ತಿಗೆ ಮೇಷ್ಟರು ತೀರಿಕೊಂಡಿದ್ದರು. ಅವರಿಗೆ ಒಪ್ಪಿಸಬೇಕಾಗಿದ್ದ ವರದಿಯನ್ನು ಅವರು ಪಾಠ ಮಾಡಿದ ಕಾಲೇಜಿನ ಸಂಚಿಕೆಯಲ್ಲಿ ಒಪ್ಪಿಸುತ್ತಿದ್ದೇನೆ.

ನಾನು ಹೋದ ವರ್ಷವೇ ನವೆಂಬರ್ 10ರಂದು ಸೋವಿಯತ್ ಒಕ್ಕೂಟದ ನಾಯಕ ಬ್ರೆಝ್ನೆವ್ ತೀರಿಕೊಂಡರು. ಜನರಿಗೆ ತಿಳಿಸಿದ್ದು ಮರುದಿನ. ಟಿವಿಯಲ್ಲಿ ನಿಗದಿಯಾಗಿದ್ದ ಕಾರ್ಯಕ್ರಮಗಳು ಮಾಯವಾಗಿ ಗಂಭೀರ ಸಂಗೀತ ಬರತೊಡಗಿದಾಗಲೇ ಯಾರೋ ದೊಡ್ಡವರು ಹೋದರು ಎಂದು ಎಲ್ಲರೂ ಊಹಿಸಿದ್ದರು. ಆಮೇಲೆ ಬಂದವರು ಆಂದ್ರೊಪೊವ್, 15 ವರ್ಷ ಗುಪ್ತ ಪೊಲೀಸ್ ಸಂಸ್ಥೆ ಕೆಜಿಬಿಯ ಮುಖ್ಯಸ್ಥರಾಗಿದ್ದವರು. 1983ರ ಆರಂಭದಲ್ಲಿ ಅವರು ಶಿಸ್ತಿನ ಅಭಿಯಾನ ಹೂಡಿದರು. ಕೆಲಸದ ವೇಳೆಯಲ್ಲಿ ಅಂಗಡಿ, ಸಿನಿಮಾ ಮಂದಿರ, ಸಾರ್ವಜನಿಕ ಸ್ನಾನಗೃಹಗಳಲ್ಲಿ ಸಿಕ್ಕವರನ್ನು ತಡೆದು, ನೀವು ಈಗ ಕೆಲಸದಲ್ಲಿ ಯಾಕಿಲ್ಲ ಎಂದು ಪೊಲೀಸರು ಕೇಳುತ್ತಿದ್ದರು. ಆದರೆ ಸಾಮಾನು ಬಂದಾಗ ಹೋಗಿ ನಿಲ್ಲದಿದ್ದರೆ ಆ ಊರಿನಲ್ಲಿ ಸಂಸಾರ ನಡೆಯುತ್ತಿರಲಿಲ್ಲ.

ಅಲ್ಲಿನ ಅಂಗಡಿಯ ವ್ಯವಹಾರವನ್ನು ಸ್ವಲ್ಪ ವಿವರಿಸಬೇಕು. ಮೊದಲು ಕೌಂಟರಿನ ಮುಂದೆ ನಿಂತು ಬೇಕಾದದ್ದನ್ನು ತೂಗಿಸಿ ಬೆಲೆ ಕೇಳಿಕೊಳ್ಳಬೇಕು. ನಂತರ ಹಣ ಕಟ್ಟುವ ಕಿಟಕಿಯ ಮುಂದೆ ಇನ್ನೊಂದು ಸಾಲು. ಅಲ್ಲಿ ಕುಳಿತ ಹೆಂಗಸು ಮರದ ಮಣಿಚೌಕಟ್ಟಿನ ಮೇಲೆ ಟಕಟಕ ಲೆಕ್ಕ ಹಾಕಿ ರಸೀದಿ ಕೊಡುತ್ತಾಳೆ. ರಸೀದಿ ಹಿಡಿದು ಮತ್ತೆ ಮೊದಲಿನ ಸಾಲಿಗೆ ಬಂದರೆ ಸಾಮಾನು ಕೈಗೆ. ಅಪರೂಪದ ವಸ್ತು ಬಂದಾಗ ಸಾಲಿನ ಸಂಖ್ಯೆಯನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದರು. ಸಾಲು ಕಂಡರೆ ಮೊದಲು ನಿಲ್ಲುವುದು, ಏನು ಮಾರುತ್ತಿದ್ದಾರೆಂದು ಆಮೇಲೆ ಕೇಳುವುದು. ಮಾಸ್ಕೋದಲ್ಲಿ ಸಿಗುವ ಮಾಂಸ, ಸಾಸೇಜಿಗಾಗಿ ಸುತ್ತಲಿನ ಊರುಗಳ ಜನ ರೈಲಿನಲ್ಲಿ ಬಂದು ಚೀಲ ತುಂಬಿಕೊಂಡು ಹೋಗುತ್ತಿದ್ದರು. ಅದೇ ಊರಿನಲ್ಲಿ ವಿದೇಶಿ ಹಣಕ್ಕೆ ಮಾತ್ರ ಮಾರುವ 'ಬೆರ್ಯೋಜ್ಕಾ' ಅಂಗಡಿಗಳೂ ಇದ್ದವು. ವಿದೇಶಿಯರಾದ ನಾವು ಒಳಗೆ ಹೋಗಬಹುದಿತ್ತು, ಆ ನೆಲದಲ್ಲೇ ಹುಟ್ಟಿದ ನಮ್ಮ ಸಹಪಾಠಿಗಳು ಹೋಗುವಂತಿರಲಿಲ್ಲ.

ಒಳ್ಳೆಯದನ್ನು ಮುಚ್ಚಿಡಬಾರದು. ಬ್ರೆಡ್ಡು ಯಾವಾಗಲೂ ಸಿಗುತ್ತಿತ್ತು, ಅಗ್ಗವಾಗಿತ್ತು. ಮೆಟ್ರೊ ರೈಲಿಗೆ ಎಲ್ಲಿಂದ ಎಲ್ಲಿಗೆ ಹೋದರೂ 5 ಕೊಪೆಕ್. ಕೊರೆಯುವ ಜನವರಿಯಲ್ಲೂ ಕೋಣೆ ಬೆಚ್ಚಗಿರುತ್ತಿತ್ತು. ನನಗೆ ನ್ಯುಮೋನಿಯಾ ಆದಾಗ ಆಸ್ಪತ್ರೆಯಲ್ಲಿ ಒಂದು ಕಾಸು ಕೇಳದೆ ಗುಣಪಡಿಸಿ ಕಳಿಸಿದರು. ಭಾರತದವನು ಎಂದರೆ ಸಾಲಿನಲ್ಲಿ ನಿಂತ ಅಜ್ಜಿಯರು ರಾಜ್ ಕಪೂರ್ ಹೆಸರು ಹೇಳಿ ಮುಖ ಅರಳಿಸುತ್ತಿದ್ದರು. ನಮ್ಮ ಕಾಫಿ ಸೀಮೆಯ ಬೆಳೆಗೆ ಆಗ ಸೋವಿಯತ್ ಒಕ್ಕೂಟವೇ ದೊಡ್ಡ ಗಿರಾಕಿ. ಭಾರತದ ಕಾಫಿ ಡಬ್ಬಿಯನ್ನು ಖಾಲಿಯಾದ ಮೇಲೂ ಎಸೆಯದೆ ಅಡುಗೆಮನೆಯಲ್ಲಿ ಜೋಡಿಸಿಡುತ್ತಿದ್ದರು. ಆ ಜನರ ಪ್ರೀತಿ ಉಂಡವನಾದ್ದರಿಂದಲೇ ಅವರ ಮೇಲಿದ್ದ ಭಯದ ಬಗ್ಗೆ ಸುಮ್ಮನಿರುವುದು ನನಗೆ ಸಾಧ್ಯವಾಗಿಲ್ಲ.

ನಮಗೆ ರಷ್ಯನ್ ಕಲಿಸಿದ ಅಧ್ಯಾಪಕಿಯೊಬ್ಬರಿದ್ದರು. ಅವರ ಮಕ್ಕಳು ಇಂದಿಗೂ ಅಲ್ಲೇ ಇರುವುದರಿಂದ ಹೆಸರು ಬರೆಯುವುದಿಲ್ಲ. ಅವರ ವಾಸ ಹಳೆಯ ಕಟ್ಟಡವೊಂದರ ಹಂಚಿಕೆಯ ಮನೆಯಲ್ಲಿ. ಒಂದೊಂದು ಕುಟುಂಬಕ್ಕೆ ಒಂದೊಂದು ಕೋಣೆ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಒಂದೇ ಬಚ್ಚಲು. ಬಾಗಿಲ ಗಂಟೆಯನ್ನು ಎಷ್ಟು ಸಲ ಒತ್ತಿದರೆ ಯಾರ ಮನೆಯ ಅತಿಥಿ ಎಂಬ ಪಟ್ಟಿ ಬಾಗಿಲಿಗೇ ಅಂಟಿಸಿತ್ತು. ಅಂತಹ ಮನೆಯಲ್ಲಿ ವಿದೇಶಿ ವಿದ್ಯಾರ್ಥಿಯನ್ನು ಚಹಾಕ್ಕೆ ಕರೆಯುವುದೇ ಧೈರ್ಯದ ಕೆಲಸ, ಏಕೆಂದರೆ ಪಕ್ಕದ ಕೋಣೆಯವರು ಯಾರಿಗೆ ಏನು ಹೇಳುತ್ತಾರೋ ಗೊತ್ತಿರುತ್ತಿರಲಿಲ್ಲ. ಮಾತು ಶುರುವಾಗುವ ಮುನ್ನ ಅವರು ಕದ್ದಾಲಿಕೆಗೆ ಹೆದರಿ ಟೆಲಿಫೋನಿನ ಮೇಲೆ ದಿಂಬು ಇಡುತ್ತಿದ್ದರು. ಹೆಸರುಗಳನ್ನು ಬಾಯಲ್ಲಿ ಹೇಳದೆ ಮಕ್ಕಳ ಆಟದ ಸ್ಲೇಟಿನ ಮೇಲೆ ಬರೆದು ತೋರಿಸಿ, ಹಾಳೆಯನ್ನೆತ್ತಿ ಅಳಿಸುತ್ತಿದ್ದರು.

ಅವರ ಗಂಡ ಸಂಶೋಧಕರು. 1968ರಲ್ಲಿ, ಬಂಧಿತರಾದ ಲೇಖಕರ ವಿಚಾರಣೆ ನ್ಯಾಯವಾಗಿ ನಡೆಯಲಿ ಎಂಬ ಪತ್ರಕ್ಕೆ ಸಹಿ ಹಾಕಿದ್ದಕ್ಕೆ ಕೆಲಸ ಕಳೆದುಕೊಂಡವರಲ್ಲಿ ಅವರೂ ಒಬ್ಬರು. ಕೆಲಸವಿಲ್ಲದೆ ಮನೆಯಲ್ಲಿ ಕೂರುವಂತೆಯೂ ಇರಲಿಲ್ಲ. ದುಡಿಯದವನನ್ನು 'ಪರಾವಲಂಬಿ' ಎಂದು ಶಿಕ್ಷಿಸುವ ಕಾನೂನಿತ್ತು. ಕಟ್ಟಡಕ್ಕೆ ಬಿಸಿನೀರು ಕಾಯಿಸುವ ಬಾಯ್ಲರ್ ಕೋಣೆಯಲ್ಲಿ ರಾತ್ರಿ ಪಾಳಿ ಹಿಡಿದರು. ಆ ಕಾಲದಲ್ಲಿ ಕವಿಗಳು, ಗಣಿತಜ್ಞರು, ಸಂಗೀತಗಾರರು ಹೀಗೆ ಬಾಯ್ಲರ್ ಕೋಣೆಗಳನ್ನು ಸೇರಿದ್ದು ಸಾಮಾನ್ಯ.

1983ರ ಜನವರಿಯಲ್ಲಿ ನಮ್ಮ ತಂದೆಯ ಕಾಗದ ಬಂತು. ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತೆಂದೂ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರೆಂದೂ ಬರೆದಿದ್ದರು. ಅರ್ಧಂಬರ್ಧ ರಷ್ಯನ್‌ನಲ್ಲಿ ನಾನು ಇದನ್ನು ವಿವರಿಸಿದಾಗ ಅಧ್ಯಾಪಕಿ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಕೇಳಿದರು: "ಸೋತವರು ಈಗ ಎಲ್ಲಿದ್ದಾರೆ?"

"ವಿಧಾನಸಭೆಯಲ್ಲಿ. ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಿದ್ದಾರೆ" ಎಂದೆ.

"ಅವರನ್ನು ಯಾರೂ ಏನೂ ಮಾಡಲಿಲ್ಲವೇ?"

ನನ್ನ ರಷ್ಯನ್ ತಪ್ಪಾಗಿ ಅರ್ಥವಾಗಿರಬೇಕೆಂದು ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿದರು. ನಾನು ಏನೂ ದುಡಿಯದೆ ಪಡೆದುಕೊಂಡಿದ್ದನ್ನು ಅವರು ನಂಬಲಾರದೆ ಕೇಳುತ್ತಿದ್ದರು. ಅವರ ಚುನಾವಣೆ ಹೇಗಿರುತ್ತದೆಂದು ಮುಂದಿನ ವರ್ಷ ಕಂಡೆ. ಮತಪತ್ರದಲ್ಲಿ ಒಂದೇ ಹೆಸರು. ಒಪ್ಪಿಗೆಯಿದ್ದರೆ ಅದನ್ನು ಹಾಗೆಯೇ ಮಡಚಿ ಪೆಟ್ಟಿಗೆಗೆ ಹಾಕಬೇಕು. ಬೇಡವೆಂದರೆ ಮರೆಗೆ ಹೋಗಿ ಹೆಸರು ಹೊಡೆದುಹಾಕಬೇಕು. ಮರೆಗೆ ಹೋದವನು ಯಾರೆಂದು ಎಲ್ಲರ ಕಣ್ಣಿಗೂ ಬೀಳುತ್ತದೆ. ಜನರನ್ನು ಸೆಳೆಯಲು ಮತಗಟ್ಟೆಯಲ್ಲಿ ಬೇರೆಡೆ ಸಿಗದ ತಿನಿಸುಗಳನ್ನು ಮಾರುತ್ತಿದ್ದರು. ಶೇಕಡಾ 99ಕ್ಕೂ ಹೆಚ್ಚು ಮತದಾನವಾಯಿತೆಂದು ಪತ್ರಿಕೆಗಳು ಬರೆದವು.

ಆ ಸಂಜೆಯ ನಂತರ ಅವರು ನನ್ನನ್ನು ನಂಬಿದರು. ಬೀರುವಿನ ತಳದಿಂದ ತೆಗೆದು ತೋರಿಸಿದ್ದು ಕಾಗದದ ಕಂತೆ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆಗಳು, ನಡುವೆ ಕಾರ್ಬನ್ ಇಟ್ಟು ಒಟ್ಟಿಗೆ ನಾಲ್ಕೈದು ಪ್ರತಿ ಟೈಪ್ ಮಾಡಿದವು. ಕೊನೆಯ ಪ್ರತಿಯ ಅಕ್ಷರಗಳನ್ನು ದೀಪಕ್ಕೆ ಹಿಡಿದೇ ಓದಬೇಕು. ಇದೇ 'ಸಮಿಜ್ದಾತ್', ಅಂದರೆ ಸರ್ಕಾರದ ಅನುಮತಿಯಿಲ್ಲದೆ ಕೈಯಿಂದ ಕೈಗೆ ಸಾಗುತ್ತಿದ್ದ ಸಾಹಿತ್ಯ. ಒಂದು ರಾತ್ರಿಗೆಂದು ಕೊಡುತ್ತಿದ್ದರು, ಬೆಳಿಗ್ಗೆ ಅದು ಮುಂದಿನವರಿಗೆ ಹೋಗಬೇಕು. ಓದಿದವರು ಸಾಧ್ಯವಾದರೆ ಮತ್ತೆ ಟೈಪ್ ಮಾಡಿ ಹಂಚಬೇಕು. ರಷ್ಯಾದ ದಂಡಸಂಹಿತೆಯ 70ನೇ ವಿಧಿಯ ಪ್ರಕಾರ ಇದನ್ನು 'ಸೋವಿಯತ್ ವಿರೋಧಿ ಪ್ರಚಾರ' ಎಂದು ಪರಿಗಣಿಸಿದರೆ 7 ವರ್ಷದವರೆಗೆ ಸೆರೆ, ಮೇಲೆ 5 ವರ್ಷ ಗಡೀಪಾರು.

ಆ ಕಂತೆಯಲ್ಲಿ ಇದ್ದದ್ದು ಬಂಡಾಯದ ಕರೆಯಲ್ಲ. 'ಪ್ರಸಕ್ತ ಘಟನೆಗಳ ವರದಿ' ಎಂಬ ಪತ್ರಿಕೆಯ ಸಂಚಿಕೆಗಳು. ಯಾರನ್ನು ಯಾವ ದಿನ ಬಂಧಿಸಿದರು, ಮನೆ ಶೋಧಿಸಿ ಏನೇನು ಒಯ್ದರು, ಯಾವ ಕೈದಿಗಳ ಶಿಬಿರದಲ್ಲಿ ಯಾರು ಉಪವಾಸ ಕೂತಿದ್ದಾರೆ ಎಂಬ ವಿವರಗಳು ಮಾತ್ರ. ಒಂದು ಗುಣವಾಚಕವೂ ಇಲ್ಲದ ಆ ವಾಕ್ಯಗಳನ್ನು ಓದುತ್ತ ನನ್ನ ಕೈ ನಡುಗಿತು. 1968ರ ಏಪ್ರಿಲ್‌ನಿಂದ ಹಲವಾರು ಜನ, ಒಬ್ಬರು ಜೈಲಿಗೆ ಹೋದರೆ ಇನ್ನೊಬ್ಬರು ಎಂಬಂತೆ, ಅದನ್ನು ಹದಿನೈದು ವರ್ಷದ ಹತ್ತಿರ ನಡೆಸಿಕೊಂಡು ಬಂದರು.

1968ರ ಆಗಸ್ಟ್ 25ರ ಕಥೆಯನ್ನು ನಾನು ಓದಿದ್ದು ಅಲ್ಲೇ. ಚೆಕೊಸ್ಲೊವಾಕಿಯಾಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿ ನಾಲ್ಕು ದಿನವಾಗಿತ್ತು. ಎಂಟು ಜನ ಮಧ್ಯಾಹ್ನ ಕೆಂಪು ಚೌಕಕ್ಕೆ ಹೋಗಿ ಕುಳಿತು, 'ನಿಮ್ಮ ಮತ್ತು ನಮ್ಮ ಸ್ವಾತಂತ್ರ್ಯಕ್ಕಾಗಿ' ಎಂದು ಬರೆದ ಬಟ್ಟೆ ಬಿಚ್ಚಿದರು. ಅವರಲ್ಲಿ ಒಬ್ಬರು ಪಾವೆಲ್ ಲಿತ್ವಿನೊವ್, ಸ್ಟಾಲಿನ್ ಕಾಲದ ವಿದೇಶಾಂಗ ಮಂತ್ರಿಯ ಮೊಮ್ಮಗ. ಕವಯಿತ್ರಿ ನತಾಲ್ಯಾ ಗೋರ್ಬನೆವ್ಸ್ಕಯಾ ಮೂರು ತಿಂಗಳ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದರು. ಕೆಲವೇ ನಿಮಿಷಗಳಲ್ಲಿ ಕೆಜಿಬಿಯವರು ಮುಗಿಬಿದ್ದರು. ವಿಕ್ತೋರ್ ಫೈನ್‌ಬರ್ಗ್ ಅವರ ಮುಂದಿನ ಹಲ್ಲುಗಳು ಮುರಿದವು. ಆ ಮುಖವನ್ನು ನ್ಯಾಯಾಲಯದಲ್ಲಿ ತೋರಿಸಲಾಗದೆ ಮಾನಸಿಕ ಆಸ್ಪತ್ರೆಗೆ ಹಾಕಿದರು. ಗೋರ್ಬನೆವ್ಸ್ಕಯಾ ಅವರನ್ನೂ ಮುಂದಿನ ವರ್ಷ ಬಂಧಿಸಿ, 'ನಿಧಾನಗತಿಯ ಸ್ಕಿಜೋಫ್ರೇನಿಯಾ' ಎಂಬ ಕಾಯಿಲೆ ಅಂಟಿಸಿ ಕಜಾನ್‌ನ ಮಾನಸಿಕ ಆಸ್ಪತ್ರೆಯಲ್ಲಿ ಇಟ್ಟರು. ಭಿನ್ನಮತಕ್ಕೆ ಹುಚ್ಚು ಎಂಬ ಸರ್ಟಿಫಿಕೇಟು ಕೊಟ್ಟ ವೈದ್ಯರನ್ನು ನೆನೆದರೆ ಇಂದಿಗೂ ನನ್ನ ಸಿಟ್ಟು ಇಳಿದಿಲ್ಲ.

ಇವರೆಲ್ಲ ಕೇಳಿದ್ದು ಬಹಳ ಕಡಿಮೆ. 1965ರ ಡಿಸೆಂಬರ್ 5ರಂದು, ಸಂವಿಧಾನ ದಿನದ ಸಂಜೆ, ಪುಷ್ಕಿನ್ ಚೌಕದಲ್ಲಿ ಸೇರಿದವರ ಘೋಷಣೆ, 'ಸೋವಿಯತ್ ಸಂವಿಧಾನವನ್ನು ಗೌರವಿಸಿ' ಎಂದು. ನೀವೇ ಬರೆದ ಪುಸ್ತಕದಂತೆ ನೀವು ನಡೆಯಿರಿ ಎನ್ನುವುದೇ ಅವರ ಅಪರಾಧವಾಯಿತು. 1976ರಲ್ಲಿ ಯೂರಿ ಓರ್ಲೊವ್ ಕಟ್ಟಿದ ಮಾಸ್ಕೋ ಹೆಲ್ಸಿಂಕಿ ಗುಂಪಿನ ಕೆಲಸವೂ ಅಷ್ಟೇ: ಮಾನವ ಹಕ್ಕುಗಳನ್ನು ಗೌರವಿಸುತ್ತೇವೆಂದು ಹೆಲ್ಸಿಂಕಿಯಲ್ಲಿ ಸರ್ಕಾರ ತಾನೇ ಸಹಿ ಹಾಕಿದ ಒಪ್ಪಂದವನ್ನು ಪಾಲಿಸುತ್ತಿದೆಯೇ ಎಂದು ದಾಖಲಿಸುವುದು. ನಾನು ಮಾಸ್ಕೋಗೆ ಹೋದ ವರ್ಷದ ಸೆಪ್ಟೆಂಬರ್‌ನಲ್ಲಿ, ಬಹುತೇಕ ಸದಸ್ಯರು ಸೆರೆಯಲ್ಲಿದ್ದಾಗ, ಉಳಿದ ಮೂವರು ಗುಂಪನ್ನು ನಿಲ್ಲಿಸಬೇಕಾಯಿತು.

1986 ಎಲ್ಲವನ್ನೂ ಅಲುಗಾಡಿಸಿತು. ಏಪ್ರಿಲ್ 26ರಂದು ಚೆರ್ನೊಬಿಲ್ ಅಣು ವಿದ್ಯುತ್ ಸ್ಥಾವರ ಸ್ಫೋಟಿಸಿತು. ಟಿವಿಯ ರಾತ್ರಿ ವಾರ್ತೆಯಲ್ಲಿ ನಾಲ್ಕು ಮಾತು ಬಂದದ್ದು 28ಕ್ಕೆ. ಕೀವ್‌ನಲ್ಲಿ ಮೇ ದಿನದ ಮೆರವಣಿಗೆಯನ್ನು ಮಕ್ಕಳ ಸಮೇತ ನಡೆಸಿಯೇಬಿಟ್ಟರು. ಜನರಿಗೆ ನಿಜ ತಿಳಿದದ್ದು ಕರ್ಕಶ ಸದ್ದಿನ ಅಡ್ಡಿಯ ನಡುವೆ ಕಿವಿಗೊಟ್ಟು ಕೇಳಿದ ವಿದೇಶಿ ರೇಡಿಯೊಗಳಿಂದ. ಡಿಸೆಂಬರ್ 8ರಂದು ಅನತೋಲಿ ಮಾರ್ಚೆಂಕೊ ಚಿಸ್ತೊಪೋಲ್ ಜೈಲಿನಲ್ಲಿದ್ದಾಗ ಸತ್ತರು. ಎಲ್ಲ ರಾಜಕೀಯ ಕೈದಿಗಳನ್ನು ಬಿಡಿ ಎಂದು ತಿಂಗಳುಗಟ್ಟಲೆ ಉಪವಾಸ ಮಾಡಿದ್ದ ಕೂಲಿಕಾರ್ಮಿಕ ಆತ. ಅವರ ಹೆಂಡತಿ ಲರಿಸಾ ಬೊಗೊರಾಜ್ ಕೆಂಪು ಚೌಕದ ಎಂಟು ಜನರಲ್ಲಿ ಒಬ್ಬರು. ಎಂಟು ದಿನಗಳ ನಂತರ ಗೋರ್ಕಿ ನಗರದಲ್ಲಿ ಗಡೀಪಾರಾಗಿದ್ದ ಭೌತವಿಜ್ಞಾನಿ, ಮಾನವ ಹಕ್ಕುಗಳ ಹೋರಾಟಗಾರ ಆಂದ್ರೇ ಸಖಾರೋವ್ ಅವರಿಗೆ ಆಗಿನ ಸೋವಿಯತ್ ನಾಯಕ ಗೋರ್ಬಚೆವ್ ಫೋನ್ ಮಾಡಿ ಮಾಸ್ಕೋಗೆ ಮರಳಬಹುದು ಎಂದರು. ಆ ಕರೆಯಲ್ಲೇ ಸಖಾರೋವ್ ಮಾರ್ಚೆಂಕೊ ಸಾವಿನ ಮಾತೆತ್ತಿ, ಉಳಿದ ಕೈದಿಗಳನ್ನು ಬಿಡಿ ಎಂದು ಕೇಳಿದರು. ತನ್ನ ಬಿಡುಗಡೆಯ ಗಳಿಗೆಯಲ್ಲಿ ಇತರರ ಹೆಸರು ಹೇಳಿದ ಆ ಮನುಷ್ಯನಷ್ಟು ದೊಡ್ಡವರನ್ನು ನನ್ನ ಜೀವಿತಕಾಲದಲ್ಲಿ ನಾನು ಹೆಚ್ಚು ಕಂಡಿಲ್ಲ. 1987ರ ಆರಂಭದಲ್ಲಿ ಕೈದಿಗಳ ಬಿಡುಗಡೆ ಶುರುವಾಯಿತು. ನಮ್ಮ ಅಧ್ಯಾಪಕಿ ಟೆಲಿಫೋನಿನ ಮೇಲೆ ದಿಂಬು ಇಡುವುದನ್ನು ಮಾತ್ರ ನಾನು ಹೊರಡುವವರೆಗೂ ಬಿಡಲಿಲ್ಲ. ಅವರ ಎಚ್ಚರಿಕೆ ಸರಿಯಾಗಿತ್ತು. 2013ರ ಆಗಸ್ಟ್ 25ರಂದು ಕೆಂಪು ಚೌಕದಲ್ಲಿ ಅದೇ ಘೋಷಣೆ ಹಿಡಿದು ನಿಂತವರನ್ನು ಪೊಲೀಸರು ಎಳೆದೊಯ್ದರು. ವಯಸ್ಸಾಗಿದ್ದ ಗೋರ್ಬನೆವ್ಸ್ಕಯಾ ಅವರೊಂದಿಗಿದ್ದರು. ಸಖಾರೋವ್ ಅವರ ಕಾಲದಲ್ಲಿ ಹುಟ್ಟಿ, ಸೋವಿಯತ್ ದಬ್ಬಾಳಿಕೆಗೆ ಬಲಿಯಾದವರ ನೆನಪನ್ನು ಕಾಯುತ್ತಿದ್ದ 'ಮೆಮೋರಿಯಲ್' ಸಂಸ್ಥೆಯನ್ನು 2021ರ ಡಿಸೆಂಬರ್‌ನಲ್ಲಿ ರಷ್ಯಾದ ಸರ್ವೋಚ್ಚ ನ್ಯಾಯಾಲಯ ಮುಚ್ಚಿಸಿತು.

ಆ ಟೈಪ್ ಮಾಡಿದ ಪತ್ರಿಕೆಯ ಇಂಗ್ಲಿಷ್ ಅನುವಾದಗಳು ಈಗ ಎಲ್ಲರಿಗೂ ಸಿಗುತ್ತವೆ. ಕೆಲವು ಸಂಚಿಕೆಗಳನ್ನು ಮುದ್ರಿಸಿ, ಬೈಂಡ್ ಮಾಡಿಸಿ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಓದುವವರು 1968ರ ಆಗಸ್ಟ್ ಕೊನೆಯ ಮೂರನೆಯ ಸಂಚಿಕೆಯಿಂದ ಆರಂಭಿಸಲಿ. ಅದನ್ನು ಸಂಪಾದಿಸಿದವರು ಗೋರ್ಬನೆವ್ಸ್ಕಯಾ. ಕೆಂಪು ಚೌಕದಿಂದ ಬಿಟ್ಟು ಕಳಿಸಿದ ದಿನಗಳಲ್ಲೇ, ಕೈಗೂಸನ್ನು ನೋಡಿಕೊಳ್ಳುತ್ತ, ಅಂದು ನಡೆದದ್ದನ್ನು ಅವರು ಅದರಲ್ಲಿ ದಾಖಲಿಸಿದ್ದಾರೆ.