ಅಪ್ಪಯ್ಯನ ಶ್ರುತಿಪೆಟ್ಟಿಗೆ

ಶಿರಸಿ, 13 ಜುಲೈ 2025, ಭಾನುವಾರ

ಮಳೆ ಬಿಟ್ಟಿಲ್ಲ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದು ಇನ್ನೂ ಬಾಕಿ. ಅದರ ಚಿಂತೆ ಬದಿಗಿಟ್ಟು ನಾನು ಇಡೀ ಮಧ್ಯಾಹ್ನ ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿಯ ಜೊತೆ ಕಳೆದೆ.

ಅಪ್ಪಯ್ಯನ ಯಕ್ಷಗಾನದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದ್ದೇನಲ್ಲ, ಅವನ್ನು ಕೇಳುವಾಗೆಲ್ಲ ಹಿಂದೊಂದು ಗುಂಯ್ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ನಿಲ್ಲುತ್ತದೆ, ಹಾಕಿದರೆ ಮತ್ತೆ ಶುರು. ಅಂದರೆ ಕ್ಯಾಸೆಟ್ಟಿನ ತಪ್ಪಲ್ಲ. ಚಾರ್ಜರಿಗೂ ಮೂರು ಪಿನ್ನು, ಆಂಪ್ಲಿಫೈಯರಿಗೂ ಮೂರು ಪಿನ್ನು. ಎರಡೂ ಮನೆಯ ಅರ್ತಿಂಗಿಗೆ ಸೇರುತ್ತವೆ. ನಡುವೆ ಡ್ಯಾಕ್‌ಗೆ (ಫೈಲಿನ ಅಂಕಿಗಳನ್ನು ಸದ್ದಾಗಿಸಿ ಆಂಪ್ಲಿಫೈಯರಿಗೆ ಕೊಡುವ ಪೆಟ್ಟಿಗೆ) ಹೋಗುವ ಯುಎಸ್‌ಬಿ ವಯರು ಇನ್ನೊಂದು ದಾರಿ ಮಾಡಿಕೊಡುತ್ತದೆ. ಹೀಗೆ ಸುತ್ತು ಕೂಡಿಕೊಂಡರೆ ಕರೆಂಟಿನ 50 ಹರ್ಟ್ಸ್ ಹಾಡಿನೊಳಗೆ ನುಗ್ಗುತ್ತದೆ.

“ಅರ್ತ್ ಪಿನ್ನೇ ಮುರಿದುಬಿಡು” ಎಂದಿದ್ದ ಭಾವ. ನೆಲ ಬೆವರುವ ಈ ಮನೆಯಲ್ಲಿ! ಜೀವ ಬೇಡವಾದವರು ಮಾಡಲಿ.

ಅದಕ್ಕೇ ತರಿಸಿದ್ದು ಈ ಡಬ್ಬಿ, ಯುಎಸ್‌ಬಿ ಐಸೋಲೇಟರ್. ಒಳಗಿನ ಚಿಪ್ಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುರುಳಿಗಳಿವೆ. ಸಿಗ್ನಲ್ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ, ಆದರೆ ನಡುವೆ ತಾಮ್ರದ ನಂಟೇ ಇಲ್ಲ. ಯುಎಸ್‌ಬಿ ವಯರಿನ ನಡುವೆ ಸಿಕ್ಕಿಸಿದೆ. ಗುಂಯ್ ಮಾಯ. ಮದ್ದಲೆಯ ಬೆರಳು ಬೆರಳೂ ಕೇಳಿತು.

ಖುಷಿ ಹತ್ತು ನಿಮಿಷ ಅಷ್ಟೇ. 192 ಕಿಲೋಹರ್ಟ್ಸ್‌ನ ಫೈಲು, ಅಂದರೆ ಸೆಕೆಂಡಿಗೆ 1,92,000 ಸಲ ಸದ್ದನ್ನು ಅಳೆದು ಬರೆದದ್ದು, ಹಾಕಿದರೆ ಡ್ಯಾಕ್ 96ಕ್ಕಿಂತ ಮೇಲೆ ಹತ್ತುವುದೇ ಇಲ್ಲ. ಈ ಡಬ್ಬಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್. 192ರ 24 ಬಿಟ್ ಸ್ಟೀರಿಯೋಗೆ ಬೇಕಾದ್ದು 9.2. ಮತ್ತೆ ಯಾಕೆ ಹಿಡಿಸಲ್ಲ? ಕಾಗದದ ಮೇಲೆ ಲೆಕ್ಕ ಹಾಕಿದೆ. ಈ ವೇಗದಲ್ಲಿ ಒಂದು ಮಿಲಿಸೆಕೆಂಡಿಗೆ ಆಡಿಯೋ ಕಳಿಸಬಹುದಾದ್ದು ಹೆಚ್ಚೆಂದರೆ 1023 ಬೈಟ್. 96ಕ್ಕೆ 576 ಸಾಕು, 192ಕ್ಕೆ 1152 ಬೇಕು. ಬರೀ 129 ಬೈಟಿಗೆ ಬಾಗಿಲು ಮುಚ್ಚಿತು ನೋಡಿ. 480 ಮೆಗಾಬಿಟ್ಟಿನ ಐಸೋಲೇಟರೂ ಉಂಟು, ಆದರೆ ಆ ದುಡ್ಡಿಗೆ ಕೊಳೆ ಔಷಧಿಗೆ ಬೇಕಾದ ಈ ವರ್ಷದ ಮೈಲುತುತ್ತ ತರಬಹುದು. ಅಲ್ಲದೆ ಕ್ಯಾಸೆಟ್ಟಿನಲ್ಲಿ 192 ಹಿಡಿಯುವಂಥದ್ದು ಏನಿದೆ? ಇಳಿಸುವಾಗ ಅಷ್ಟು ಇಟ್ಟಿದ್ದೇ ನನ್ನ ಹುಚ್ಚು.

ರಾತ್ರಿ ಊಟ ಆದ ಮೇಲೆ ಅಪ್ಪಯ್ಯನನ್ನು ಕೂರಿಸಿ ಕೇಳಿಸಿದೆ. ಭಾಗವತರು ಹಾಡಿದ ಒಂದು ಪದ ಮುಗಿಯುವವರೆಗೂ ಕಣ್ಣು ಮುಚ್ಚಿ ಕೇಳಿದ. ಆಮೇಲೆ,

“ತಮಾ, ಶ್ರುತಿ ಎಂತಕ್ಕೆ ನಿಲ್ಸಿದ್ಯೋ?”

“ಯಾವ ಶ್ರುತಿ ಅಪ್ಪಯ್ಯ?”

“ಅದೇ, ಹಿಂದೆ ಗುಂಯ್ ಅಂತಿತ್ತಲ್ಲ.”

ಇಷ್ಟು ದಿನ ಅದನ್ನು ಶ್ರುತಿಪೆಟ್ಟಿಗೆ ಎಂದೇ ತಿಳಿದಿದ್ದನಂತೆ! ಆಯಿ ಅಡುಗೆಮನೆಯಿಂದಲೇ ನಕ್ಕಳು. ನನಗೆ ನಗು ಬರಲಿಲ್ಲ. ಅರ್ತಿಂಗ್, ಸುತ್ತು, ಸುರುಳಿ ಎಲ್ಲ ವಿವರಿಸಿದೆ. ತಲೆ ಆಡಿಸಿದ. ಮಲಗಲು ಏಳುವಾಗ ಮತ್ತೆ ಅದೇ ಮಾತು: “ಅದಿದ್ರೆ ಭಾಗವತರು ಒಬ್ರೇ ಅನ್ನಿಸ್ತಿರ್ಲಿಲ್ಲ.”

ಡಬ್ಬಿ ಇನ್ನೂ ಕೈಯಲ್ಲೇ ಇದೆ. ನಾಳೆ ಎರಡನೇ ಕ್ಯಾಸೆಟ್ಟು ಕೇಳಿಸಬೇಕು. ಡಬ್ಬಿ ಹಾಕಲೋ, ತೆಗೆದಿಡಲೋ... ಕರೆಂಟು ಹೋಯ್ತು.